ಸೈರನ್ನನ ಹೆರಿಗೆ ಪರೀಕ್ಷೆ

ಆಂಬುಲೆನ್ಸ್ ಡ್ರೈವರನ ನಿಜವಾದ ಹೆಸರು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಸೈರನ್. ಗಾಬರಿಯಾದಾಗ ಅವನ ಗಂಟಲಿನಿಂದ ಹೊರಡುವ ಸ್ವರ ಗಾಡಿಯ ನೆತ್ತಿಯ ಮೇಲಿದ್ದ ಯಂತ್ರವನ್ನೂ ನಾಚಿಸುತ್ತಿತ್ತು. ಹನ್ನೊಂದು ವರ್ಷ ಗಾಡಿ ಓಡಿಸಿದ್ದ. ಒಡೆದ ತಲೆ, ಮುರಿದ ಕಾಲು, ಹಾವು ಕಚ್ಚಿದವರು, ಹಾವು ಕಚ್ಚಿತೆಂದು ಭ್ರಮಿಸಿದವರು, ಎಲ್ಲರನ್ನೂ ಸಾಗಿಸಿದ್ದ. ಅಂಥವನಿಗೆ ಭಯವಿದ್ದದ್ದು ಒಂದೇ ಒಂದಕ್ಕೆ. ಹಿಂದಿನ ಸ್ಟ್ರೆಚರಿನ ಮೇಲೆ ತುಂಬು ಗರ್ಭಿಣಿಯೊಬ್ಬಳು "ಅಮ್ಮಾ" ಎಂದರೆ ಸಾಕು, ನಲವತ್ತರಲ್ಲಿ ಹೋಗುತ್ತಿದ್ದ ಗಾಡಿ ಎಂಬತ್ತಕ್ಕೆ ಏರುತ್ತಿತ್ತು. ಹೆರಿಗೆ ಏನಿದ್ದರೂ ಆಸ್ಪತ್ರೆಯ ಗೇಟು ದಾಟಿದ ಮೇಲೆ ಆಗಬೇಕು, ಅದಕ್ಕೆ ಮುಂಚೆ ಆಗುವುದು ಕಾನೂನಿಗೆ ವಿರುದ್ಧ ಎಂಬುದು ಅವನ ದೃಢವಾದ ನಂಬಿಕೆ.

ಈ ನಂಬಿಕೆಗೆ ಕೊಡಲಿಪೆಟ್ಟು ಕೊಟ್ಟದ್ದು ಮೇಲಿನಿಂದ ಬಂದ ಒಂದು ಸುತ್ತೋಲೆ. ಗಾಡಿಯಲ್ಲಿರುವ ಪ್ರತಿಯೊಬ್ಬರೂ, ಡ್ರೈವರೂ ಸೇರಿದಂತೆ, ಹೆರಿಗೆ ಮಾಡಿಸುವುದನ್ನು ಕಲಿಯಬೇಕು. ಕಲಿತು ಪರೀಕ್ಷೆ ಪಾಸಾಗಬೇಕು.

ಕಲಿಸಲು ಬಂದವರು ದೊಡ್ಡ ಸಿಸ್ಟರ್. ನಲವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಊರಿನ ಅರ್ಧ ಜನ ಈ ಲೋಕಕ್ಕೆ ಬಂದು ಮೊದಲು ನೋಡಿದ ಮುಖ ಅವರದೇ. ಆದ್ದರಿಂದಲೋ ಏನೋ, ದೊಡ್ಡ ಅಧಿಕಾರಿಗಳೂ ಅವರೆದುರು ತೊಟ್ಟಿಲ ಮಕ್ಕಳಂತೆ ಕೈಕಾಲು ಮಡಚಿ ಕೂರುತ್ತಿದ್ದರು.

ಆಸ್ಪತ್ರೆಯ ಹಳೇ ಲಾಂಡ್ರಿ ಕೋಣೆಯಲ್ಲಿ ತರಗತಿ. ಸಿಸ್ಟರ್ ಒಂದು ವಿಚಿತ್ರವಾದ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡರು. ಅದರೊಳಗೆ ರಬ್ಬರಿನ ಮಗು, ನೀರಿನ ಚೀಲ, ಒಂದು ಬಾಟಲಿ ಕೆಂಪು ಬಣ್ಣ. ಮೇಜಿನ ಮೇಲೆ ಮಲಗಿ, ಬಟ್ಟೆ ಹೊದ್ದು, "ಅಯ್ಯಯ್ಯೋ, ಸತ್ತೇ" ಎಂದು ಅವರು ಕೂಗಿದರೆ ಕಾರಿಡಾರಿನಲ್ಲಿ ಹೋಗುವವರು ನಿಂತುಬಿಡುತ್ತಿದ್ದರು. ಕೂಗುತ್ತಲೇ ಒಳಗಿನಿಂದ ಗೊಂಬೆಯನ್ನು ತಳ್ಳುತ್ತಿದ್ದರು. ಕಲಿಯುವವನು ಅದನ್ನು ಹಿಡಿಯಬೇಕು.

ಸೈರನ್ ಹಿಡಿಯಲಿಲ್ಲ. ಗೊಂಬೆ ಅವನ ಕೈಜಾರಿ, ನೆಲಕ್ಕೆ ಬಿದ್ದು, ಪುಟಿದು, ಬೀರುವಿನ ಕೆಳಗೆ ಹೋಯಿತು.

ಸಿಸ್ಟರ್ ನರಳುವುದನ್ನು ನಿಲ್ಲಿಸಿ ಎದ್ದು ಕೂತರು. "ಕೈ ನೋಡಯ್ಯ ನಿಂದು! ಯಾಕೆ ಹಾಗೆ ಕುಣೀತಿದೆ?"

"ಅದು... ಸ್ಟೇರಿಂಗ್ ಹಿಡಿದು ಹಿಡಿದು ಅಭ್ಯಾಸ ಆಗಿಬಿಟ್ಟಿದೆ ಸಿಸ್ಟರ್."

"ಈ ಗೊಂಬೆಗೆ ಅಪ್ಪ ಅಮ್ಮ ಇಲ್ಲ, ಬದುಕಿಕೊಂಡೆ. ತೆಗಿ, ಇನ್ನೊಂದು ಸಲ."

ಇನ್ನೊಂದು ಸಲವೂ ಬೀರುವಿನ ಕೆಳಗೇ ಹೋಯಿತು.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಹೇಗಾಯ್ತು ತರಗತಿ?"

ಇಲ್ಲಿ ಅವನು ನಿಜ ಹೇಳಿದ್ದರೆ ಒಂದಿಷ್ಟು ಪಜೀತಿ ತಪ್ಪುತ್ತಿತ್ತು. ಅವನು ಚಪ್ಪಲಿ ಬಿಚ್ಚುತ್ತ, ಬಹಳ ಸಹಜವಾಗಿ, "ನಾನೇ ಫಸ್ಟು" ಎಂದ.

ಹೆಂಡತಿ ಅದನ್ನು ಪಕ್ಕದ ಮನೆಗೆ ಹೇಳಿದಳು. ಪಕ್ಕದ ಮನೆಯವರು ಸ್ವಲ್ಪ ಸೇರಿಸಿ ಎದುರು ಮನೆಗೆ ಹೇಳಿದರು. ಭಾನುವಾರದ ಹೊತ್ತಿಗೆ ಬೀದಿಯ ಕೊನೆಯ ಮನೆಯ ಮುದುಕಿ ಏಳು ತಿಂಗಳ ಬಸುರಿ ಮೊಮ್ಮಗಳನ್ನು ಕೈಹಿಡಿದು ಕರೆತಂದು, "ಡಾಕ್ಟ್ರೇ, ಸ್ವಲ್ಪ ನೋಡಿ ಹೇಳಪ್ಪ" ಎಂದು ಜಗಲಿಯ ಮೇಲೆ ಕೂರಿಸಿದಳು. ಸೈರನ್ ಹಿತ್ತಲ ಬಾಗಿಲಿನಿಂದ ಹೊರಟು ಸಂಜೆಯವರೆಗೆ ಗ್ಯಾರೇಜಿನಲ್ಲಿ ಗಾಡಿಯ ಟೈರಿಗೆ ಗಾಳಿ ತುಂಬುತ್ತ ಕೂತ. ಅವತ್ತು ಗಾಡಿಯ ನಾಲ್ಕೂ ಟೈರು ಕಲ್ಲಿನಂತಾಗಿದ್ದವು.

ಅವನ ಜೊತೆ ಗಾಡಿಯ ಹಿಂಭಾಗದಲ್ಲಿ ಇರುತ್ತಿದ್ದವನು ಕಾಂಪೌಂಡರ್. ಐವತ್ತೈದು ದಾಟಿದ ಆಸಾಮಿ. ಜಗತ್ತಿನ ಯಾವ ಸುದ್ದಿಗೂ "ಹೂಂ" ಎನ್ನುವುದು ಬಿಟ್ಟು ಬೇರೆ ಉತ್ತರ ಕೊಟ್ಟವನಲ್ಲ. ಅವನು ಮೊದಲ ದಿನವೇ ಪಾಸಾಗಿದ್ದ. ಸೈರನ್ನನ ಪರೀಕ್ಷೆ ಮಾತ್ರ ಬಾಕಿ ಉಳಿಯಿತು. ಸಿಸ್ಟರ್ ಹೇಳಿದರು: "ಇನ್ನು ಕೋಣೆಯಲ್ಲಿ ಬೇಡ. ಯಾವತ್ತೋ ಒಂದು ದಿನ, ಯಾವುದೋ ಮನೆಯಿಂದ ಕರೆ ಬರುತ್ತೆ. ಹೋಗಿ ಹೆರಿಗೆ ಮಾಡಿಸಬೇಕು. ಅದೇ ಪರೀಕ್ಷೆ. ಕಾಂಪೌಂಡರ್ ಕೈ ಕಟ್ಕೊಂಡು ನಿಂತಿರಬೇಕು."

ಈ ಗುಟ್ಟನ್ನು ಆಫೀಸಿನ ಗುಮಾಸ್ತ ಒಂದು ಕಪ್ ಟೀಗೆ ಬಿಟ್ಟುಕೊಟ್ಟ. "ಗುರುವಾರ, ಬೆಳಗ್ಗೆ ಹತ್ತು ಗಂಟೆ. ಸಿಸ್ಟರ್ ಅವರ ನಾದಿನೀನೇ ಬಸುರಿ ವೇಷ. ಅಂಗಡಿ ಮೇಲಿನ ಮನೆ. ಸುತ್ತ ಇರೋರು ಗಾಬರಿಯಾದ ಹಾಗೆ ನಾಟಕ ಆಡ್ತಾರೆ. ಯಾರೋ ಒಬ್ಬರು ಮೂಲೇಲಿ ಕೂತು ಮಾರ್ಕು ಹಾಕ್ತಾರೆ. ನೀನು ಮಾತ್ರ ಏನೂ ಗೊತ್ತಿಲ್ಲದವನ ಹಾಗೆ ಇರು."

ಗುರುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಕರೆ ಬಂತು. "ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಟೈಲರ್ ಅಂಗಡಿ. ಟೈಲರನ ಹೆಂಡತಿಗೆ ನೋವು. ಬೇಗ."

ಸೈರನ್ ಕಾಂಪೌಂಡರನ ಕಡೆ ತಿರುಗಿ ಕಣ್ಣು ಹೊಡೆದ. "ಅಂಗಡಿ ಮೇಲಿನ ಮನೆ! ಬಂತು ನೋಡಿ."

"ಹೂಂ," ಎಂದ ಕಾಂಪೌಂಡರ್.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೈರನ್ ಒಂದು ಹೆರಿಗೆ ಕರೆಗೆ ಶಿಳ್ಳೆ ಹಾಕುತ್ತ ಗಾಡಿ ಓಡಿಸಿದ.

ಕೆಳಗೆ ಪ್ರೆಸ್ಸಿನ ಯಜಮಾನ ಮೈಯೆಲ್ಲ ಮಸಿ ಬಳಿದುಕೊಂಡು ಬೀದಿಯಲ್ಲೇ ಕುಣಿಯುತ್ತಿದ್ದ. "ಬನ್ನಿ ಬನ್ನಿ, ಮೇಲೆ, ಓಡಿ!" ಸೈರನ್ ಅವನ ಬೆನ್ನು ತಟ್ಟಿ, "ಚೆನ್ನಾಗಿ ಮಾಡ್ತಿದೀರಿ. ಮಸಿ ಒಳ್ಳೇ ಐಡಿಯಾ" ಎಂದು ಮೆಟ್ಟಿಲು ಹತ್ತಿದ. ಯಜಮಾನ ಬಾಯಿ ತೆರೆದುಕೊಂಡು ನಿಂತ.

ಮೆಟ್ಟಿಲೆಂದರೆ ಏಣಿಯ ತಮ್ಮ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುವಂತಿರಲಿಲ್ಲ. ಮೇಲೆ ಒಂದೇ ಉದ್ದನೆಯ ಕೋಣೆ. ಎರಡು ಹೊಲಿಗೆ ಮೆಷಿನ್ನು, ಗೋಡೆಗೆ ನೇತುಬಿದ್ದ ತೋಳಿಲ್ಲದ ಕೋಟುಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಆ ಮೇಜಿನ ಮೇಲೆ ಟೈಲರನ ಹೆಂಡತಿ ಬೆವರಿನಲ್ಲಿ ತೊಯ್ದು ಮಲಗಿದ್ದಳು. ಗುಂಡಿ ಹೊಲಿಯುತ್ತಿದ್ದಾಗಲೇ ನೋವು ಬಂದಿತ್ತು. ಬೆರಳಿಗೆ ಹಾಕಿದ್ದ ತಗಡಿನ ಟೋಪಿ ಇನ್ನೂ ಹಾಗೇ ಇತ್ತು. ಟೈಲರ್ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡು, "ಇನ್ನೂ ಹದಿನೈದು ದಿನ ಇದೆ ಅಂದಿದ್ರು, ಹದಿನೈದು ದಿನ ಇದೆ ಅಂದಿದ್ರು" ಎಂದು ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಟೈಲರನ ತಾಯಿ ಸೊಸೆಯ ತಲೆ ಹಿಡಿದುಕೊಂಡು, ಸೊಸೆಗಿಂತ ಜೋರಾಗಿ ಕೂಗುತ್ತಿದ್ದಳು.

ಮೂಲೆಯ ಕುರ್ಚಿಯಲ್ಲಿ, ಮಡಿಲಲ್ಲಿ ಫೈಲು, ಕೈಯಲ್ಲಿ ಪೆನ್ನು ಹಿಡಿದು, ಬಿಳುಚಿಕೊಂಡ ಮುಖದ ಲಾಯರಮ್ಮ ಕೂತಿದ್ದರು. ಮೂರು ಸಲ ವಾಯಿದೆ ತಪ್ಪಿದ ತಮ್ಮ ಕರಿ ಕೋಟಿನ ವಿಷಯ ಇವತ್ತು ಇತ್ಯರ್ಥ ಮಾಡಿಕೊಂಡೇ ಹೋಗುವುದೆಂದು ಬಂದವರು, ಮೆಟ್ಟಿಲಿಳಿಯಲು ಕಾಲು ಬಾರದೆ ಅಲ್ಲೇ ಉಳಿದುಬಿಟ್ಟಿದ್ದರು.

ಫೈಲು, ಪೆನ್ನು, ಮೂಲೆ. ಸೈರನ್ನನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವರ ಮುಂದೆ ನೆಟ್ಟಗೆ ನಿಂತು, "ನಮಸ್ಕಾರ ಮೇಡಂ. ಶುರು ಮಾಡ್ಲಾ?" ಎಂದ.

"ನನ್ನನ್ನ ಯಾಕ್ರೀ ಕೇಳ್ತೀರಿ?" ಎಂದು ಚೀರಿದರು ಲಾಯರಮ್ಮ. "ಮೊದ್ಲು ಮಾಡ್ರೀ!"

"ಮೊದಲನೇದು, ಕೈ ತೊಳೆಯುವುದು," ಎಂದು ಗಟ್ಟಿಯಾಗಿ ಘೋಷಿಸಿ ಸೈರನ್ ಕೈ ತೊಳೆದ. "ಎರಡನೇದು, ಗ್ಲೌಸು. ಮೂರನೇದು, ತಾಯಿಗೆ ಧೈರ್ಯ ಹೇಳುವುದು." ಅವನು ಟೈಲರನ ಹೆಂಡತಿಯ ಕಡೆ ಬಾಗಿದ. ಆ ಗಳಿಗೆಗೆ ನೋವು ಬಂದು ಅವಳು ಚೀರಿದಳು. ಸೈರನ್ ಮೆಚ್ಚುಗೆಯಿಂದ ತಲೆಯಾಡಿಸಿ ಮೆಲ್ಲಗೆ ಅಂದ: "ಒಳ್ಳೇ ಅಭಿನಯ ಅಮ್ಮ. ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ."

ಅವಳು ಅವನ ಕಾಲರ್ ಹಿಡಿದು ಎಳೆದಳು. "ಏನಂದೆ?"

"ಇದೂ ಪಾಠದಲ್ಲಿದೆಯಾ?"

"ನಿನ್ನ ಹೊಲಿದುಬಿಡ್ತೀನಿ! ಮಗು ಬರ್ತಿದೆ!"

ಟೈಲರನ ತಾಯಿಯ ಕೂಗು ಅರ್ಧಕ್ಕೇ ನಿಂತಿತು. ಟೈಲರನ ಪ್ರದಕ್ಷಿಣೆಯೂ ನಿಂತಿತು. "ಈತನಿಗೆ ಏನಾಗಿದೆ?" ಎಂದ ಅವನು. ಸೈರನ್ ಅವನ ಹೆಗಲ ಮೇಲೆ ಕೈಯಿಟ್ಟು, "ನೀವು ಮಾತ್ರ ಸಖತ್ ಆಗಿ ಮಾಡ್ತಿದೀರಿ. ನಿಜವಾದ ಗಂಡ ಕೂಡ ಇಷ್ಟು ಪೆದ್ದನ ಹಾಗೆ ಇರಲ್ಲ" ಎಂದ.

ಅಷ್ಟರಲ್ಲಿ ಕಾಂಪೌಂಡರ್ ನಾಡಿ ನೋಡುವ ನೆಪದಲ್ಲಿ ಬಂದು ಟೈಲರನ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟ. ಹೊಟ್ಟೆ ಅವನ ಅಂಗೈ ಕೆಳಗೆ ಕಲ್ಲಿನಂತೆ ಗಟ್ಟಿಯಾಯಿತು. ಚೀಲ ಹಾಗೆ ಗಟ್ಟಿಯಾಗುವುದಿಲ್ಲ. ಕಾಂಪೌಂಡರನ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಅವನು ಸೈರನ್ನನ ಕಿವಿಯ ಬಳಿ ಬಗ್ಗಿ, "ಇದು..." ಎಂದ.

"ಶ್! ಪರೀಕ್ಷೇಲಿ ಪಿಸುಗುಟ್ಟಬಾರದು. ಮೇಡಂ ನೋಡ್ತಿದಾರೆ."

ಕಾಂಪೌಂಡರ್ ಮತ್ತೆ ಬಾಯಿ ತೆರೆದ. ಆಗ ಅವನ ಕಣ್ಣು ಸೈರನ್ನನ ಕೈಗಳ ಮೇಲೆ ಬಿತ್ತು. ಅವು ನಡುಗುತ್ತಿರಲಿಲ್ಲ. ಮೇಜಿನ ಮೇಲೆ ಚೊಕ್ಕ ಬಟ್ಟೆ ಹಾಸುತ್ತಿದ್ದವು, ಹೊಕ್ಕುಳ ಬಳ್ಳಿಯ ಕ್ಲಿಪ್ಪು ಜೋಡಿಸುತ್ತಿದ್ದವು, ಒಂದೊಂದೂ ಅದರ ಜಾಗದಲ್ಲಿ. ಈಗ ಸತ್ಯ ಹೇಳಿದರೆ ಈ ಕೈ ಮತ್ತೆ ಕುಣಿಯುತ್ತದೆ. ಈ ಮೆಟ್ಟಿಲಿನಲ್ಲಿ ಅವಳನ್ನು ಇಳಿಸುವಷ್ಟು ಹೊತ್ತೂ ಇಲ್ಲ. ಬೇಕೆನಿಸಿದ ಕ್ಷಣಕ್ಕೆ ತಾನೇ ಕೈಹಾಕಿದರಾಯಿತು ಎಂದುಕೊಂಡು, ಕಾಂಪೌಂಡರ್ ಗ್ಲೌಸು ತೊಟ್ಟು ಅವನ ಮೊಣಕೈ ಪಕ್ಕದಲ್ಲೇ ನಿಂತ. "ಹೂಂ. ಮಾಡು" ಎಂದ.

ನೀರು ಒಡೆದು ಸೈರನ್ನನ ಬೂಟಿನ ತುಂಬ ಆಯಿತು. "ಹೊಸ ಮಾಡೆಲ್ಲು," ಎಂದ ಅವನು ಮೆಚ್ಚಿ. ತಲೆ ಕಾಣಿಸಿತು. "ಈಗ ತಳ್ಳಬೇಡಿ ತಾಯೀ, ಊದಿ! ದೀಪ ಆರಿಸೋ ಹಾಗೆ, ಫೂ, ಫೂ!" ಟೈಲರನ ಹೆಂಡತಿ ಊದಿದಳು. ಟೈಲರ್ ಊದಿದ, ಅವನ ತಾಯಿ ಊದಿದಳು, ಮೂಲೆಯಲ್ಲಿ ಲಾಯರಮ್ಮನೂ ಊದಿದರು. ಅವರ ಫೈಲಿನ ಹಾಳೆಗಳು ಪಟಪಟ ಎಂದವು. ತಲೆ ಮೆಲ್ಲಗೆ ಹೊರಬಂತು. ಸೈರನ್ ಬೆರಳಿನಿಂದ ಕೊರಳು ಸವರಿ ನೋಡಿದ. ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು.

"ಮೇಡಂ, ಕೊರಳಿಗೆ ಬಳ್ಳಿ ಸುತ್ತಿದೆ. ಬೇಕೂಂತ್ಲೇ ಹಾಕಿದೀರಿ, ನನಗೆ ಗೊತ್ತು. ತಲೆ ಮೇಲಿಂದ ಜಾರಿಸ್ತಿದೀನಿ, ಬರ್ಕೊಳ್ಳಿ." ಜಾರಿಸಿದ. ಹೆಗಲು ಬಂತು, ಇಡೀ ಮಗು ಬಂತು, ಅವನ ಎರಡು ಕೈಯಲ್ಲಿ ಕೂತಿತು. ಬೀಳಲಿಲ್ಲ.

ಮಗು ಅಳಲೂ ಇಲ್ಲ. ನೀಲಿಗಟ್ಟಿ, ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ಯಾಕೆ ಅಳ್ತಿಲ್ಲ?" ಎಂದಳು ಟೈಲರನ ಹೆಂಡತಿ. ಅಷ್ಟು ಹೊತ್ತು ಕೂಗುತ್ತಿದ್ದ ಮುದುಕಿ ಸೆರಗು ಬಾಯಿಗೆ ತುರುಕಿಕೊಂಡಳು.

ಸೈರನ್ ಮಾತ್ರ ಒರೆಸುತ್ತಿದ್ದ, ಬೆನ್ನು ಉಜ್ಜುತ್ತಿದ್ದ. "ಉಸಿರಿಲ್ಲದ ಮಗು. ಇದೂ ಸಿಲಬಸ್ಸಿನಲ್ಲಿದೆ." ಕಾಂಪೌಂಡರ್ ಬಳ್ಳಿಗೆ ಕ್ಲಿಪ್ಪು ಹಾಕಿ ಕತ್ತರಿಸಿದ. ಸೈರನ್ ಪುಟ್ಟ ಮುಖಕ್ಕೆ ಮಾಸ್ಕ್ ಇಟ್ಟು ಉಸಿರಿನ ಚೀಲ ಒತ್ತಿದ. ಒಂದು, ಎರಡು, ಮೂರು. ಏನೂ ಆಗಲಿಲ್ಲ. ತಲೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಿ ಮತ್ತೆ ಒತ್ತಿದ. "ಒಳಗಡೆ ಏನೋ ಸಿಕ್ಕಿಕೊಂಡಿರಬೇಕು. ಮೇಡಂ, ಗೊಂಬೆ ಕೆಟ್ಟಿದ್ರೆ ಅದಕ್ಕೆ ನನ್ನ ಮಾರ್ಕು ಕಳೀಬಾರದು, ಹೇಳಿಬಿಟ್ಟಿದೀನಿ."

ಲಾಯರಮ್ಮನ ಕೈಯಿಂದ ಪೆನ್ನು ಬಿತ್ತು. "ಗೊಂಬೆ?" ಎಂದರು.

ಅದೇ ಹೊತ್ತಿಗೆ ಮಗು ಒಮ್ಮೆ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ಆಮೇಲೆ, ಕೆಳಗಿನ ಪ್ರೆಸ್ಸು ನಿಂತುಹೋಗುವ ಹಾಗೆ ಅತ್ತಿತು.

ಸೈರನ್ ನಗುತ್ತ ಅದನ್ನು ಎತ್ತಿ ಲಾಯರಮ್ಮನಿಗೆ ತೋರಿಸಲು ಹೊರಟ. ಮಗು ಅವನ ಹೆಬ್ಬೆರಳನ್ನು ಹಿಡಿದುಕೊಂಡಿತು. ಅವನು ಹೆಬ್ಬೆರಳನ್ನು ನೋಡಿದ. ತರಗತಿಯ ಗೊಂಬೆಯ ಐದೂ ಬೆರಳು ಒಂದೇ ಅಚ್ಚಿನಲ್ಲಿ ಅಂಟಿಕೊಂಡಿದ್ದವು. ಇವು ಬಿಡಿಬಿಡಿಯಾಗಿದ್ದವು. ಒಂದೊಂದಕ್ಕೂ ಅಕ್ಕಿನುಚ್ಚಿನಷ್ಟು ಉಗುರಿತ್ತು. ಬೆಚ್ಚಗಿತ್ತು.

"ಕಾಂಪೌಂಡರೇ..." ಎಂದ. ದನಿ ಕೆಳಗಿನಿಂದ ಹೊರಟು ಮಾಳಿಗೆಗೆ ಮುಟ್ಟಿತು.

"ಹೂಂ," ಎಂದ ಕಾಂಪೌಂಡರ್. "ನಿಜ."

ಸೈರನ್ ಟೈಲರನನ್ನು ನೋಡಿದ. "ನೀವು ನಿಜವಾದ ಗಂಡನಾ?"

"ಅಲ್ದೆ ಮತ್ತೇನು ಬಾಡಿಗೆಗೆ ಬಂದಿದೀನಾ?"

"ಮೇಡಂ, ನೀವು..."

"ಕೋಟಿಗೆ ಬಂದೆ ಕಣ್ರೀ!" ಲಾಯರಮ್ಮ ಅಳುತ್ತಿದ್ದರು. "ಇವರು ಹೇಳಿದ ತಾರೀಕಿಗೆ ಯಾವುದೂ ಆಗಲ್ಲ. ಕೋಟೂ ಆಗಲ್ಲ, ಮಗೂನೂ ಆಗಲ್ಲ!"

ಸೈರನ್ನನ ಕೈ ಶುರುವಾಯಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಭುಜ. ಕಾಂಪೌಂಡರ್ ಮಗುವನ್ನು ತೆಗೆದುಕೊಂಡು ತಾಯಿಯ ಎದೆಯ ಮೇಲೆ ಮಲಗಿಸಿದ, ಹೆಣ್ಣು ಮಗು ಎಂದು ಹೇಳಿದ, ತಾಯಿಯ ತೊಡೆಗೆ ಇಂಜೆಕ್ಷನ್ ಕೊಟ್ಟ. ಮಗುವಿನ ಹಿಂದೆ ಬರುವ ಕಸವೂ ಪೂರ್ತಿಯಾಗಿ ಬಿತ್ತು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ಅಳಿಸುತ್ತ ಅಂಚಿಗೆ ಬಂದು ತೊಟ್ಟಿಕ್ಕತೊಡಗಿತು. ಕಾಲರ್ ಹಿಡಿದು ಗದರಿಸಿದ್ದ ಟೈಲರನ ಹೆಂಡತಿ ಈಗ ಇಳಿದ ದನಿಯಲ್ಲಿ, "ತಲೆ ತಿರುಗ್ತಿದೆ" ಎಂದಷ್ಟೇ ಅಂದಳು.

"ಹೊಟ್ಟೆ ಮೆತ್ತಗಿದೆ, ಉಜ್ಜಬೇಕು. ಗಟ್ಟಿಯಾದ್ರೆ ರಕ್ತ ನಿಲ್ಲುತ್ತೆ," ಎಂದ ಕಾಂಪೌಂಡರ್. ಜೀವಮಾನದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. "ನಾನು ಡ್ರಿಪ್ ಹಾಕ್ತೀನಿ. ನೀನು ಉಜ್ಜು."

"ನನ್ನ ಕೈ ನಡುಗ್ತಿದೆ!"

"ನಡುಗಲಿ. ತೆಗೀಬೇಡ."

ಸೈರನ್ ಕೈಯಿಟ್ಟ. ಹೊಟ್ಟೆ ನಾದಿದ ಹಿಟ್ಟಿನಂತಿತ್ತು. ಇದು ಚೀಲವಲ್ಲ, ಕೆಂಪು ಬಣ್ಣವಲ್ಲ, ಮೂಲೆಯಲ್ಲಿ ಯಾರೂ ಮಾರ್ಕು ಹಾಕುತ್ತಿಲ್ಲ. ಅವನು ಅಳುತ್ತಲೇ ಉಜ್ಜಿದ. "ತಾಯೀ, ಅಭಿನಯ ಅಂದಿದ್ದು ತಪ್ಪಾಯ್ತು, ಕಣ್ಣು ಮುಚ್ಚಬೇಡಿ, ಬೈಯಿರಿ ನನ್ನ, ಜೋರಾಗಿ ಬೈಯಿರಿ!"

ಅವಳು ತುಟಿಯಲ್ಲೇ, "ಪೆದ್ದ" ಎಂದಳು.

"ಇನ್ನೂ ಜೋರಾಗಿ!"

ನಾಲ್ಕು ನಿಮಿಷಕ್ಕೆ ಅವನ ಅಂಗೈ ಕೆಳಗೆ ಏನೋ ಚೆಂಡಿನಂತೆ ಗಟ್ಟಿಯಾಯಿತು. ತೊಟ್ಟಿಕ್ಕುವುದು ನಿಧಾನವಾಯಿತು. ಆದರೆ ಕೈ ತೆಗೆದರೆ ಮತ್ತೆ ಮೆತ್ತಗಾಗಬಹುದು. ಹಾಗಾಗಿ ಆ ಮೆಟ್ಟಿಲಿನಲ್ಲಿ ಸ್ಟ್ರೆಚರ್ ಇಳಿದದ್ದು ಹೀಗೆ: ಟೈಲರನೂ ಪ್ರೆಸ್ಸಿನ ಯಜಮಾನನೂ ಕೆಳಗಿನ ತುದಿ, ಕಾಂಪೌಂಡರ್ ಮೇಲಿನ ತುದಿ, ಲಾಯರಮ್ಮನ ಕೈಯಲ್ಲಿ ಎತ್ತಿ ಹಿಡಿದ ಡ್ರಿಪ್ ಬಾಟಲಿ, ಮುದುಕಿಯ ಸೆರಗಿನಲ್ಲಿ ಮಗು, ಮತ್ತು ಗೋಡೆಗೂ ಕಂಬಿಗೂ ನಡುವೆ ಹಲ್ಲಿಯಂತೆ ಅಂಟಿಕೊಂಡು, ಹೊಟ್ಟೆಯಿಂದ ಕೈ ಎತ್ತದೆ ಇಳಿದ ಸೈರನ್. ಗಾಡಿ ಓಡಿಸಿದ್ದು ಪ್ರೆಸ್ಸಿನ ಯಜಮಾನ. ಇಪ್ಪತ್ತು ನಿಮಿಷದ ದಾರಿ. ಸ್ಟೇರಿಂಗಿನ ಮೇಲೆ ಅವನ ಹತ್ತೂ ಬೆರಳು ಅಚ್ಚಾಗಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಾಯಿ ಮಗುವನ್ನು ಒಳಗೆ ತೆಗೆದುಕೊಂಡು ಹತ್ತು ನಿಮಿಷದ ಮೇಲೆ ಬಾಗಿಲಲ್ಲಿ ತಲೆ ಹಾಕಿ, "ಇಬ್ಬರೂ ಉಳ್ಕೊಂಡ್ರು" ಎಂದು ಹೋದರು. ಟೈಲರ್ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ.

ಸೈರನ್ ಗಾಳಿಗೆಂದು ಪೋರ್ಟಿಕೋಗೆ ಬಂದ. ಸರಿಯಾಗಿ ಅದೇ ಗಳಿಗೆಗೆ ಒಂದು ಕಾರು ಕಿರ್ರೆಂದು ನಿಂತಿತು. ಅದರಿಂದ ಏಳೆಂಟು ಜನ ಸೇರಿ ತುಂಬು ಹೊಟ್ಟೆಯ ಹೆಂಗಸೊಬ್ಬಳನ್ನು ಎತ್ತಿ ಇಳಿಸುತ್ತಿದ್ದರು. ಅವಳು ಕೈಕಾಲು ಬಡಿಯುತ್ತಿದ್ದಳು. "ಬಿಡ್ರೋ ನನ್ನ! ನಾನು ಬಸುರಿ ಅಲ್ಲ! ನಾಟಕ ಅದು, ನಾಟಕ! ನನಗೆ ಐವತ್ತೊಂಬತ್ತು ವರ್ಷ!"

ಅದು ಸಿಸ್ಟರಿನ ನಾದಿನಿ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಯಲ್ಲಿ ಹತ್ತು ಗಂಟೆಗೆ ಕರೆ ಮಾಡಿ, ಯಾವ ಗಾಡಿಯೂ ಬಾರದೆ, ಗಾಬರಿ ನಟಿಸುವವರೂ ಮಾರ್ಕು ಹಾಕುವವರೂ ಬೇಸತ್ತು ಎದ್ದುಹೋದ ಮೇಲೂ, ಅಭ್ಯಾಸ ತಪ್ಪಬಾರದೆಂದು ಒಂದೂವರೆ ಗಂಟೆ ಒಬ್ಬರೇ ನರಳಿದ್ದರು. ಅಕ್ಕಪಕ್ಕದವರು ಬಾಗಿಲು ಮುರಿದು ಒಳಗೆ ನುಗ್ಗಿದ್ದರು. ಚೀಲದ ಗಂಟನ್ನು ಸಿಸ್ಟರ್ ಬೆನ್ನ ಹಿಂದೆ ಹಾಕಿದ್ದರಿಂದ ಬಿಚ್ಚಲು ಆಗಿರಲಿಲ್ಲ.

"ನೋವಲ್ಲಿ ಏನೇನೋ ಬಡಬಡಿಸ್ತಿದಾರೆ ಪಾಪ," ಎಂದರು ಅಕ್ಕಪಕ್ಕದವರು.

ಸೈರನ್ ಸ್ಟ್ರೆಚರ್ ಎಳೆದುಕೊಂಡು ಓಡಿದ. "ಮಲಗಿ ತಾಯೀ!"

"ನಾಟಕ ಕಣಯ್ಯ ಇದು!"

"ಬೆಳಗ್ಗೆ ಹೀಗೇ ಅಂದ್ಕೊಂಡು ಕೆಟ್ಟೆ. ಇನ್ನು ಈ ಜನ್ಮದಲ್ಲಿ ನಂಬಲ್ಲ. ಊದಿ! ಫೂ, ಫೂ!"

ಕಾರಿಡಾರಿನಲ್ಲಿ ದಾದಿಯರು ಗೋಡೆಗಂಟಿ ದಾರಿ ಬಿಟ್ಟರು. ಹೆರಿಗೆ ಕೋಣೆಯ ಬಾಗಿಲು ಎರಡೂ ಕಡೆ ಬಡಿಯಿತು. ಸ್ಟ್ರೆಚರ್ ಮೇಜಿಗೆ ತಾಗಿದ ರಭಸಕ್ಕೆ ರಬ್ಬರಿನ ಮಗು ತಾನಾಗಿಯೇ ಹೊರಬಂದು ಡಾಕ್ಟರಮ್ಮನ ಪಾದದ ಬಳಿ ಬಿದ್ದು ಪುಟಿಯಿತು. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಪುಟಿಯುವ ಮಗುವನ್ನು ಅವರು ಕಂಡಿರಲಿಲ್ಲ. ಸೈರನ್ ಹಾರಿ ಅದನ್ನು ಹಿಡಿದು, ಒರೆಸಿ, ಬೆನ್ನು ಉಜ್ಜತೊಡಗಿದ. ನಿಲ್ಲಿಸಲು ಯಾರಿಗೂ ಧೈರ್ಯ ಬರಲಿಲ್ಲ.

ದೊಡ್ಡ ಸಿಸ್ಟರ್ ಬಂದದ್ದು ಆಗ. ನಾದಿನಿಯನ್ನು ನೋಡಿದರು, ಗೊಂಬೆಯನ್ನು ನೋಡಿದರು. ಬಾಗಿಲಲ್ಲಿದ್ದ ಕಾಂಪೌಂಡರ್ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

"ಸುಳ್ಳು ಅಂತ ತಿಳ್ಕೊಂಡು ಮಾಡಿದ್ದಕ್ಕೆ ಮಾರ್ಕಿಲ್ಲ," ಎಂದರು ಕೊನೆಗೆ. "ನಿಜ ಅಂತ ಗೊತ್ತಾದ ಮೇಲೆ ಏನು ಮಾಡಿದೆ?"

"ಅತ್ತುಬಿಟ್ಟೆ ಸಿಸ್ಟರ್."

"ಅಳ್ತಾ ಏನು ಮಾಡಿದೆ?"

"ಹೊಟ್ಟೆ ಉಜ್ಜಿದೆ."

"ಎಷ್ಟು ಹೊತ್ತು?"

"ಇಲ್ಲಿ ಬರೋವರೆಗೂ. ಡಾಕ್ಟರಮ್ಮ ಬಂದು ಬಿಡಿಸಿದ್ರು."

ಸಿಸ್ಟರ್ ಅವನ ಕೈಯಿಂದ ಗೊಂಬೆಯನ್ನು ತೆಗೆದುಕೊಂಡು ನಾದಿನಿಯ ಮಡಿಲಿಗೆ ಹಾಕಿದರು. ಅವನ ಎರಡೂ ಮುಂಗೈಗಳನ್ನು ಹಿಡಿದುಕೊಂಡರು. ಅವು ಇನ್ನೂ ಅದುರುತ್ತಿದ್ದವು. ಸಿಸ್ಟರ್ ಗದರಲಿಲ್ಲ. ಪಕ್ಕದ ಮಂಚದ ಹೊದಿಕೆಯನ್ನು ಸರಿಸಿ, ದಿಂಬನ್ನು ತಟ್ಟಿ ನೇರ ಮಾಡಿದರು.

"ಪಾಸಾದೆ. ಈಗ ಬೀಳೋದಿದ್ರೆ ಬೀಳಪ್ಪ."

ಸೈರನ್ ತುಂಬ ವಿಧೇಯನಾಗಿ, "ಥ್ಯಾಂಕ್ಸ್ ಸಿಸ್ಟರ್" ಎಂದು ಹೇಳಿ, ಬಿದ್ದ.